ಮಂಗನ ಕಾಯಿಲೆಗೆ ಆಂಟಿಬಯಾಟಿಕ್ ಕೊಟ್ಟರೆ ಆಗಲ್ವಾ?

ಸಾಗರದ ಕಡೆಯ ಓದುಗರೊಬ್ಬರ ಪ್ರಶ್ನೆ: "ಗದ್ದೆ ಕೆಲಸ ಮಾಡುವ ನಮ್ಮ ಚಿಕ್ಕಪ್ಪನಿಗೆ ಇಲಿ ಜ್ವರ ಬಂದಿತ್ತು. ಆಂಟಿಬಯಾಟಿಕ್ ಕೊಟ್ಟರು, ವಾಸಿಯಾಯ್ತು. ಮಂಗನ ಕಾಯಿಲೆಗೂ ಅದನ್ನೇ ಕೊಡಬಹುದಲ್ವಾ?"

ಕೊಟ್ಟರೂ ಕೆಲಸ ಮಾಡೋದಿಲ್ಲ. ಇಲಿ ಜ್ವರ ತರುವುದು ಬ್ಯಾಕ್ಟೀರಿಯಾ. ಅದಕ್ಕೆ ಸುತ್ತ ತನ್ನದೇ ಗೋಡೆ ಇದೆ, ಒಳಗೆ ಪ್ರೋಟೀನ್ ತಯಾರಿಸುವ ತನ್ನದೇ ಸಲಕರಣೆ ಇದೆ. ಪೆನ್ಸಿಲಿನ್ ಆ ಗೋಡೆ ಕಟ್ಟೋದನ್ನು ಕೆಡಿಸುತ್ತದೆ. ಡಾಕ್ಸಿಸೈಕ್ಲಿನ್ ಪ್ರೋಟೀನ್ ತಯಾರಿಗೆ ಅಡ್ಡ ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯದು ವೈರಸ್. ಅದಕ್ಕೆ ಆ ಗೋಡೆಯೂ ಇಲ್ಲ, ಸಲಕರಣೆಯೂ ಇಲ್ಲ, ನಮ್ಮ ಜೀವಕೋಶದೊಳಗೆ ನುಗ್ಗಿ ನಮ್ಮದೇ ಸಲಕರಣೆಯಲ್ಲಿ ತನ್ನಂಥವನ್ನು ಸಾವಿರಗಟ್ಟಲೆ ಮಾಡಿಸಿಕೊಳ್ಳುತ್ತದೆ. ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ಮದ್ದು ಹೊಡೆದು, ಇನ್ನು ಮಂಗ ಕಾಯಿ ಕೀಳೋದಿಲ್ಲ ಅಂತ ಕೂತರೆ ಹೇಗೋ, ಇದೂ ಹಾಗೇ.

ಲಸಿಕೆಯ ದಾರಿ ಬೇರೆ. ಸತ್ತ ವೈರಸ್ಸನ್ನು ಮೈಗೆ ಮೊದಲೇ ತೋರಿಸಿಟ್ಟರೆ, ನಿಜವಾದದ್ದು ಬಂದಾಗ ಮೈ ಗುರುತು ಹಿಡಿದು ಬೇಗ ಎದುರಿಸುತ್ತದೆ. ಕಲಿಯಲು ದಿನ ಬೇಕು, ಹಾಗಾಗಿ ಜ್ವರ ಬಂದ ಮೇಲೆ ಲಸಿಕೆ ಹಾಕಿಸಿ ಪ್ರಯೋಜನವಿಲ್ಲ. ಮಂಗನ ಕಾಯಿಲೆಯ ಹಳೇ ಲಸಿಕೆ ನಮ್ಮ ಕಡೆ ಎಷ್ಟೋ ಜನಕ್ಕೆ ನೆನಪಿದೆ: ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದು. ಸೂಜಿ ಹಾಕಿದ ಕಡೆ ಚೆನ್ನಾಗಿ ನೋಯುತ್ತಿತ್ತು, ಮೊದಲನೆಯದಕ್ಕೇ ಕೈಮುಗಿದವರು ಜಾಸ್ತಿ, ಅವರನ್ನು ಬೈಯಲು ನನಗಂತೂ ಮನಸ್ಸಿಲ್ಲ. ಕೊನೆಕೊನೆಗೆ ಲಸಿಕೆಯ ಪರಿಣಾಮವೇ ಸಾಲದು ಅಂತ ಗೊತ್ತಾಯಿತು. ಈಗ ಅದನ್ನು ಕೊಡುತ್ತಿಲ್ಲ. ಹೊಸದರ ಕೆಲಸ ನಡೆದಿದೆ.

ಅಲ್ಲಿಯವರೆಗೆ, ಈ ವೈರಸ್ಸನ್ನು ನಮಗೆ ದಾಟಿಸುವ ಉಣುಗು ಕಚ್ಚದಂತೆ ನೋಡಿಕೊಳ್ಳಬೇಕು. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ದರಗು (ಒಣಗಿದ ಎಲೆ) ಗುಡಿಸಲು ಹೋಗುವ ಮುಂಚೆ ಆಶಾ ಕಾರ್ಯಕರ್ತೆ ಕೊಡುವ, ಉಣುಗನ್ನು ದೂರ ಇಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ. ಬಂದ ಮೇಲೆ ಬಿಸಿನೀರಿನ ಸ್ನಾನ. ಮೊಣಕಾಲ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕಣ್ಣಿಗೆ ಕಾಣೋದೇ ಕಷ್ಟ.

ಇನ್ನೊಂದು ವಿಷಯ. ಮೊದಲೆರಡು ದಿನ ಈ ಎರಡೂ ಜ್ವರ ಒಂದೇ ಥರ ಕಾಣುತ್ತವೆ: ತಲೆನೋವು, ಮೈಕೈ ನೋವು, ಚಳಿ. ರಕ್ತದ ರಿಪೋರ್ಟ್ ಬರುವವರೆಗೆ ಡಾಕ್ಟರು ಡಾಕ್ಸಿಸೈಕ್ಲಿನ್ ಶುರು ಮಾಡಿದರೆ ಅದು ಇಲಿ ಜ್ವರ ಇದ್ದೀತು ಅಂತ, ತಪ್ಪು ತಿಳಿಯಬೇಡಿ. ಆದರೆ ಕಾಡಿಗೆ ಹೋಗಿದ್ದು, ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದು ಇದ್ದರೆ ಅವರು ಕೇಳುವ ಮುಂಚೆಯೇ ಹೇಳಿಬಿಡಿ.