ಓದುಗರ ಪ್ರಶ್ನೆ: ಮೂರು ಮಕ್ಕಳಿಗೆ ಅವಕಾಶ ಕೊಟ್ಟರೂ ಚೀನಾದ ಯುವಜನ ಮದುವೆಗೇ ಹಿಂಜರಿಯುವುದೇಕೆ?

2013ರಲ್ಲಿ ಚೀನಾದಲ್ಲಿ ಸುಮಾರು 1.35 ಕೋಟಿ ಜೋಡಿಗಳು ಮದುವೆ ನೋಂದಾಯಿಸಿದ್ದವು. 2024ರಲ್ಲಿ ಆ ಸಂಖ್ಯೆ 61 ಲಕ್ಷಕ್ಕೆ ಇಳಿಯಿತು. ಮದುವೆಯಾಗದೆ ಮಗು ಹೆರುವುದು ಅಲ್ಲಿ ಇವತ್ತಿಗೂ ಅಪರೂಪ, ಹಾಗಾಗಿ ಮದುವೆ ಕಡಿಮೆಯಾದಂತೆ ತೊಟ್ಟಿಲೂ ಖಾಲಿಯಾಗುತ್ತದೆ.

‘ಈಗಿನವರು ಸ್ವಾರ್ಥಿಗಳು’ ಎನ್ನುವ ಹಿರಿಯರ ದೂರು ಅನ್ಯಾಯದ್ದು. 1980ರಿಂದ 2015ರ ಕೊನೆಯವರೆಗೆ ಒಂದೇ ಮಗು ಸಾಕೆಂದು ಕಟ್ಟುನಿಟ್ಟು ಮಾಡಿದ್ದು ಸರ್ಕಾರವೇ. ನಗರಗಳಲ್ಲಿ ಒಬ್ಬಳೇ ಮಗಳಿದ್ದ ಮನೆಯವರು ಇದ್ದಬದ್ದ ಹಣವನ್ನೆಲ್ಲ ಅವಳ ಓದಿಗೆ ಸುರಿದರು. 1999ರಿಂದ ಕಾಲೇಜು ಸೀಟುಗಳೂ ಭಾರಿ ಪ್ರಮಾಣದಲ್ಲಿ ಹೆಚ್ಚಿದವು. ಓದಿ, ದುಡಿದು, ತನ್ನ ಕಾಲ ಮೇಲೆ ನಿಂತ ಆ ಮಗಳಿಗೆ ಮದುವೆ ಅನಿವಾರ್ಯವಾಗಿ ಉಳಿಯಲಿಲ್ಲ.

ಹಳ್ಳಿಯ ಗಂಡುಮಕ್ಕಳ ಕಷ್ಟ ಬೇರೆ. ಭ್ರೂಣಲಿಂಗ ಪತ್ತೆ, ಗರ್ಭಪಾತಗಳಿಂದಾಗಿ 2000ದ ಹೊತ್ತಿಗೆ 100 ಹೆಣ್ಣು ಶಿಶುಗಳಿಗೆ ಸುಮಾರು 117 ಗಂಡು ಶಿಶುಗಳು ಹುಟ್ಟುತ್ತಿದ್ದವು. ಆ ಹುಡುಗರೇ ಈಗ ಮದುವೆಯ ವಯಸ್ಸಿನವರು. ವಧುಗಳ ಕೊರತೆಯಿಂದ ಗಂಡಿನ ಕಡೆಯವರು ಕೊಡುವ ತೆರ (‘ಛಾಯ್‌ಲಿ’) ಏರಿದೆ. ಅದು ಸಾಲದೆಂಬಂತೆ ಮನೆಯನ್ನೂ ಕೊಳ್ಳಬೇಕು.

ಮನೆಯ ವಿಷಯದಲ್ಲೇ ಜಗಳ ಹೆಚ್ಚು. ವರ ಮದುವೆಗೆ ಮೊದಲು ಮುಂಗಡ ಕಟ್ಟಿ ತನ್ನ ಹೆಸರಿಗೆ ಮಾಡಿಸಿಕೊಂಡ ಮನೆ, ವಿಚ್ಛೇದನವಾದರೆ ಸಾಮಾನ್ಯವಾಗಿ ಅವನಿಗೇ ಹೋಗುತ್ತದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇಬ್ಬರೂ ಸೇರಿ ಕಟ್ಟಿದ ಕಂತು ಮತ್ತು ಅದಕ್ಕೆ ತಕ್ಕ ಬೆಲೆಯೇರಿಕೆಯ ಪಾಲಷ್ಟೇ ಹೆಂಡತಿಗೆ. ಇದನ್ನು ತಿಳಿದ ಹುಡುಗಿಯರು ಪತ್ರದಲ್ಲಿ ತಮ್ಮ ಹೆಸರೂ ಇರಲಿ ಎಂದು ಕೇಳುವುದು ನ್ಯಾಯವಾಗಿಯೇ ಇದೆ.

ಮಗುವಾದ ಮೇಲಿನ ಲೆಕ್ಕ ಇನ್ನೂ ಬಿಗಿ. ಕಾರ್ಮಿಕ ಮಹಿಳೆಯರು 50ಕ್ಕೇ ನಿವೃತ್ತರಾಗುತ್ತಿದ್ದುದರಿಂದ ಮೊಮ್ಮಕ್ಕಳನ್ನು ಅಜ್ಜಿಯರೇ ಸಾಕುತ್ತಿದ್ದರು. 2025ರಿಂದ ಆ ವಯಸ್ಸನ್ನು ಹಂತಹಂತವಾಗಿ 55ಕ್ಕೆ ಏರಿಸಲಾಗುತ್ತಿದೆ. ಒಡಹುಟ್ಟಿದವರಿಲ್ಲದ ಗಂಡ ಹೆಂಡತಿಯ ಮೇಲೆ ನಾಲ್ವರು ಹಿರಿಯರ ಹೊಣೆಯೂ ಇದೆ. ಮೂರು ವರ್ಷದೊಳಗಿನ ಮಗುವಿಗೆ ಸರ್ಕಾರ ವರ್ಷಕ್ಕೆ ಕೊಡುವ 3,600 ಯುವಾನ್, ಅಂದರೆ ತಿಂಗಳಿಗೆ 300, ಇದರ ಮುಂದೆ ಏನೇನೂ ಅಲ್ಲ.

ಹಾಗಂತ ಸಂಪ್ರದಾಯವನ್ನು ಯುವಜನ ಬಿಟ್ಟೇ ಬಿಟ್ಟಿಲ್ಲ. ಮಗು ಹುಟ್ಟಲು ಶುಭವೆಂದು ನಂಬುವ ಡ್ರ್ಯಾಗನ್ ವರ್ಷವಾದ 2024ರಲ್ಲಿ ಜನನ 90.2 ಲಕ್ಷದಿಂದ 95.4 ಲಕ್ಷಕ್ಕೆ ಏರಿತು. ಅದೇ ಚಾಂದ್ರಮಾನ ವರ್ಷದಲ್ಲಿ ವಸಂತಾರಂಭದ ದಿನ ಬೀಳದ ಕಾರಣ, ನಮ್ಮ ಆಷಾಢದ ಹಾಗೆ, ಮದುವೆಗೆ ಆಗದೆಂದು ಮುಂದೂಡಿದವರೂ ಇದ್ದರು.

ಮೊದಲೆಲ್ಲ ಮದುವೆಯ ನೋಂದಣಿಗೆ ಕುಟುಂಬದ ‘ಹುಕೌ’ (ಮನೆಮಂದಿಯ ಅಧಿಕೃತ ದಾಖಲಾತಿ) ಪುಸ್ತಕ ತೋರಿಸಲೇಬೇಕಿತ್ತು. ಒಪ್ಪದ ಅಪ್ಪ ಅಮ್ಮ ಅದನ್ನು ಬಚ್ಚಿಟ್ಟು ಮದುವೆ ತಡೆಯಬಹುದಿತ್ತು. 2025ರ ಮೇ 10ರಿಂದ ಗುರುತಿನ ಚೀಟಿ ಮತ್ತು ಸಹಿ ಮಾಡಿದ ಘೋಷಣೆ ಸಾಕು, ಯಾವ ಊರಿನಲ್ಲಾದರೂ ನೋಂದಾಯಿಸಬಹುದು. ಮನೆಯ ಮುಂಗಡ ಮಾತ್ರ ಬಹುಮಟ್ಟಿಗೆ ಈಗಲೂ ಹೆತ್ತವರ ಉಳಿತಾಯದಿಂದಲೇ ಬರುತ್ತದೆ.