ಪೇಂಟ್ ಆಮೇಲೆ, ಮೊದಲು ಕಂಬದ ಬುಡ ತೋರಿಸಿ

ವಾಡೆಗಳ, ಅಂದರೆ ಹಳೆಯ ದೊಡ್ಡ ಮನೆಗಳ, ಯಜಮಾನರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಮನೆಯಲ್ಲಿ ಮದುವೆ ಗೊತ್ತಾದ ಮೇಲೆ. “ಮುಂಭಾಗದ ಕಟ್ಟಿಗೆಯೆಲ್ಲ ಬಣ್ಣಗೆಟ್ಟಿದೆ ಸಾಹೇಬರೇ, ಯಾವ ಆಯಿಲ್ ಪೇಂಟ್ ಹೊಡೆಸಲಿ?” ಪೇಂಟ್ ಹೆಸರು ಹೇಳುವ ಬದಲು ಕಂಬದ ಬುಡದ ಫೋಟೋ ಕಳಿಸಿ ಎನ್ನುತ್ತೇನೆ. ಬರುವುದು ಬಾಗಿಲ ಮೇಲಿನ ಗಣಪತಿಯ ಫೋಟೋ.

ಬಿಸಿಲಿಗೆ ತೇಗ ಬೂದಿಬಣ್ಣಕ್ಕೆ ತಿರುಗುವುದು ರೋಗವಲ್ಲ. ಅದು ಮೇಲ್ಪದರದ ಮಾತು. ಕಟ್ಟಿಗೆಯನ್ನು ಕೊಳೆಸುವುದು ಶಿಲೀಂಧ್ರ, ಅದಕ್ಕೆ ನೀರು ಬೇಕು. ಕಟ್ಟಿಗೆಯ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯಾಡುವ ಯಾವ ಕಂಬವೂ ಅಷ್ಟು ತೇವ ಹಿಡಿದಿಟ್ಟುಕೊಳ್ಳಲಾರದು. ಇಂಥ ಊರಿನಲ್ಲೂ ಕಂಬ ಕೊಳೆತಿದೆ ಎಂದರೆ, ಒಳಗೆ ಹೋದ ನೀರಿಗೆ ಹೊರಬರುವ ದಾರಿಯನ್ನು ಯಾರೋ ಮುಚ್ಚಿದ್ದಾರೆ. ಸಾಮಾನ್ಯವಾಗಿ ಮುಚ್ಚಿದವರೇ ನನಗೆ ಫೋನ್ ಮಾಡಿರುತ್ತಾರೆ.

ಕಟ್ಟಿಗೆ ನೀರು ಕುಡಿಯುವುದು ಪಕ್ಕದಿಂದ ಕಡಿಮೆ, ಕೊಯ್ದ ತುದಿಯಿಂದ ಬಹಳ. ಹಳೆಯ ಬಡಿಗೇರರಿಗೆ ಇದು ತಿಳಿದಿತ್ತು. ಅದಕ್ಕೇ ಕಂಬವನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು. ನಾವು ಹಳೆಯ ನೆಲದ ಮೇಲೆಯೇ ಶಹಾಬಾದ್ ಕಲ್ಲೋ ಟೈಲ್ಸೋ ಹಾಸಿ ನೆಲವನ್ನು ಎತ್ತರಿಸಿದೆವು. ಪೀಠ ಮುಳುಗಿತು, ಕಂಬದ ಬುಡ ಸಿಮೆಂಟಿನಲ್ಲಿ ಹೂತುಹೋಯಿತು. ದಿನಾ ಬೆಳಿಗ್ಗೆ ಕಟ್ಟೆ ತೊಳೆದ ನೀರು ಅಲ್ಲೇ ಇಳಿಯುತ್ತದೆ. ಅದರ ಮೇಲೆ ಆಯಿಲ್ ಪೇಂಟ್. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಕಟ್ಟಿಗೆಯೊಂದಿಗೆ ಗಡುಸಾದ ಪೇಂಟ್ ಹಿಗ್ಗುವುದಿಲ್ಲ, ಬಿರಿಯುತ್ತದೆ. ಬಿರುಕಿನಲ್ಲಿ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಪದರದ ಹಿಂದೆ ಸಿಕ್ಕಿಬಿದ್ದದ್ದು ಒಣಗಲು ತಿಂಗಳುಗಳೇ ಬೇಕು. ಇನ್ನೊಂದು ಕೋಟ್ ಹೊಡೆದರೆ ಆ ತಿಂಗಳುಗಳು ಇನ್ನೂ ಉದ್ದವಾಗುತ್ತವೆ. ಇಷ್ಟನ್ನು ನಾನು ಎಷ್ಟು ಸಲ ಹೇಳಿದರೂ ಮುಂದಿನ ಪ್ರಶ್ನೆ ಒಂದೇ: “ಹಾಗಾದರೆ ವಾರ್ನಿಷ್ ಹೊಡೆಸೋಣವೇ?”

ಆಳಂದ ತಾಲ್ಲೂಕಿನ ಒಂದು ವಾಡೆಯಲ್ಲಿ ಹಸಿರು ಪೇಂಟಿನಿಂದ ಫಳಫಳ ಹೊಳೆಯುತ್ತಿದ್ದ ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಇಳಿಯಿತು. ಯಜಮಾನರ ಮುಖ ಬಿಳಿಚಿಕೊಂಡಿತು. ಅವರ ತಾಯಿ ಮಾತ್ರ ಕುಳಿತಲ್ಲಿಂದಲೇ, “ಹಸಿ ಜೋಳ ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ಏನಾಗುತ್ತದೆ? ಅದೇ ಆಗಿದೆ” ಎಂದರು. (ಹಗೇವು ಎಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿ.) ನನ್ನ ಅರ್ಧ ಗಂಟೆಯ ವಿವರಣೆ ಅಲ್ಲಿಗೆ ಮುಗಿಯಿತು. ಆ ತಾಯಿಗೆ ಚಹಾದ ಜೊತೆ ಸಲಹಾ ಶುಲ್ಕವನ್ನೂ ಕೊಡಬೇಕಿತ್ತು.

ಮಾಡಬೇಕಾದದ್ದು ಹೀಗೆ, ಆದರೆ ಕಂಬ ನೋಡದೆ ಖಚಿತವಾಗಿ ಹೇಳಲಾರೆ. ಬುಡದ ಸಿಮೆಂಟ್ ಒಡೆದು ಪೀಠ ಮತ್ತೆ ಕಾಣುವಂತೆ ಮಾಡಿ, ಒಂದು ಬೇಸಿಗೆ ಒಣಗಲು ಬಿಡಿ. ಮೇಲಿನ ತೊಲೆಗೆ ಆಧಾರ ಕೊಡದೆ ಬುಡಕ್ಕೆ ಕೈ ಹಾಕಬೇಡಿ. ಕೊಳೆತಷ್ಟನ್ನೇ ಕೊಯ್ದು, ಕಟ್ಟಿಗೆಯ ನಾರಿನ ದಿಕ್ಕು ನೋಡಿ ಹಳೆಯ ತೇಗದ ತುಂಡು ಕೂಡಿಸುವ ಬಡಿಗೇರರು ನಮ್ಮಲ್ಲಿ ಇನ್ನೂ ಇದ್ದಾರೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಒಣ ಮರಳುಕಾಗದದಿಂದ ಉಜ್ಜಿ ಅದರ ಧೂಳನ್ನು ಮಕ್ಕಳಿರುವ ಮನೆಯಲ್ಲಿ ಹಬ್ಬಿಸಬೇಡಿ. ಗೆದ್ದಲಿನ ಮಣ್ಣುದಾರಿ ಕಂಡರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

“ಕೋಟೆಯೊಳಗಿನ ರಂಗೀನ್ ಮಹಲಿನ ಹಾಗೆ ಹೊಳೆಯಬೇಕು” ಎನ್ನುವವರು ಬೀದರ್‌ನಲ್ಲಿ ಸಿಗುತ್ತಾರೆ. 16ನೇ ಶತಮಾನದಲ್ಲಿ ಬೀದರಿನ ಸುಲ್ತಾನ ಅಲಿ ಬರೀದ್ ಶಾಹನ ಕಾಲದಲ್ಲಿ ಸಿಂಗಾರಗೊಂಡ ಆ ಮಹಲಿನಲ್ಲಿ ಹೊಳೆಯುವುದು ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು. ಕೆತ್ತನೆಯ ಮರದ ಕಂಬಗಳು ತಮ್ಮ ಪಾಡಿಗೆ ಮಂಕಾಗಿಯೇ ನಿಂತಿವೆ. ಅವು ನೆರಳಿನಲ್ಲಿವೆ, ನಿಮ್ಮವು ಬೀದಿಗೆ ಮುಖ ಮಾಡಿವೆ ಎಂಬ ವ್ಯತ್ಯಾಸವನ್ನೂ ಮರೆಯಬಾರದು. ಅಂದಹಾಗೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಮನೆ ಅದರೊಳಗಿದ್ದರೆ ದುರಸ್ತಿಗೆ ಮುಂಚೆ ಅನುಮತಿಯ ವಿಚಾರ ಕೇಳಿಕೊಳ್ಳಿ.

ಕಟ್ಟಿಗೆ ಒಣಗಿದ ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿ ಒರೆಸಿದರೆ ಸಾಮಾನ್ಯವಾಗಿ ಸಾಕು. ಅಡುಗೆಮನೆಯ ಹಸಿ ಎಣ್ಣೆ ಒಣಗುವುದು ನಿಧಾನ. ಪೇಂಟ್ ಅಂಗಡಿಯಲ್ಲಿ ಕಟ್ಟಿಗೆಗೆಂದೇ ಮಾರುವುದನ್ನು ತನ್ನಿ. ಮಳೆ ಬಡಿಯುವ ಕಡೆ ಆಗಾಗ ಮತ್ತೆ ಸವರಬೇಕಾಗುತ್ತದೆ, ಹೊಳಪೂ ಬರುವುದಿಲ್ಲ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಬಿಡಿಬಿಡಿಯಾಗಿ ಹರಡಿ.