ಮಕ್ಕಳಿಗೆ ‘ಅಲೆ ಕಡಿಮೆ ಇರುವ’ ಬೀಚ್ ಯಾವುದು?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಕರಾವಳಿಗೆ ಬರುತ್ತಿದ್ದೇವೆ. ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಮಾವ ಇರುತ್ತಾರೆ. ಒಂದು ದಿನವನ್ನು ಕಡಲ ತೀರದಲ್ಲೇ ಕಳೆಯುವ ಆಸೆ. ಅಲೆ ಕಡಿಮೆ ಇರುವ, ಮಕ್ಕಳು ನಿಶ್ಚಿಂತೆಯಿಂದ ನೀರಾಡಬಹುದಾದ ಬೀಚ್ ಯಾವುದು?

ದಸರೆಯ ರಜೆ ಹತ್ತಿರವಾದಂತೆ ಬರಲಾರಂಭಿಸುವ ಈ ಪ್ರಶ್ನೆ ಶಿವರಾತ್ರಿ ಕಳೆಯುವವರೆಗೂ ನಿಲ್ಲುವುದಿಲ್ಲ. ಕೇಳುವವರ ಊರು, ಮಕ್ಕಳ ವಯಸ್ಸು ಬದಲಾಗುತ್ತವೆ; ‘ಅಲೆ ಕಡಿಮೆ ಇರುವ’ ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಆ ಮಾತಿನ ವಿಚಾರಣೆಯನ್ನು ಮುಂದೆ ಮಾಡೋಣ, ಮೊದಲು ಉತ್ತರ.

ಉಡುಪಿ, ಮಂಗಳೂರಿನ ಕಡೆ ಉಳಿಯುವುದಾದರೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚ್, ಹೊನ್ನಾವರದ ಕಡೆಯಾದರೆ ಕಾಸರಕೋಡು. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಬೀಚ್‌ಗಳಿಗೆ ಈ ಮಾನ್ಯತೆ ದೊರೆತಾಗ ಕರ್ನಾಟಕದಿಂದ ಇದ್ದವು ಇವೆರಡೇ. ಡೆನ್ಮಾರ್ಕ್‌ನಲ್ಲಿ ಕಚೇರಿಯಿರುವ ಸಂಸ್ಥೆಯೊಂದು 33 ಮಾನದಂಡಗಳನ್ನು ನೋಡಿ ಕೊಡುವ ಮಾನ್ಯತೆ ಅದು. ನೀರಿನ ಶುದ್ಧತೆ, ಜೀವರಕ್ಷಕರು, ಶೌಚಾಲಯಗಳೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. ಮಕ್ಕಳಿಗೆ ಜೀವರಕ್ಷಕರು ಬೇಕು, ಅತ್ತೆಯವರಿಗೆ ಶುಚಿಯಾದ ಶೌಚಾಲಯ ಬೇಕು. ಎರಡೂ ಒಂದೇ ಕಡೆ ಸಿಗುವುದಾದರೆ ಪ್ರವೇಶ ಶುಲ್ಕಕ್ಕೆ ಗೊಣಗಬಾರದು. ಆದರೆ ಆ ಮಾನ್ಯತೆ ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕಾದದ್ದು, ಮತ್ತು ಅದು ಗೊತ್ತುಪಡಿಸಿದ ತುಂಡು ತೀರಕ್ಕೆ ಮಾತ್ರ ಸಲ್ಲುತ್ತದೆ, ಊರಿನ ಇಡೀ ಕಡಲಿಗಲ್ಲ. ಜನಜಂಗುಳಿ, ತಿಂಡಿ ಅಂಗಡಿ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಇವೆಲ್ಲ ಬೇಕೆನ್ನುವವರಿಗೆ ಮಲ್ಪೆ ಇದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಕಾರು ನಿಲ್ಲಿಸಿ ನೋಡಿ, ಫೋಟೊ ತೆಗೆಯಿರಿ, ಕಲ್ಲುಗಳನ್ನು ದಾಟಿ ನೀರಿಗೆ ಇಳಿಯಬೇಡಿ. ಬಂಡೆಗಳ ನಡುವೆ ಅಲೆಯೊಡೆಯುವ ಉಳ್ಳಾಲದ ಸೋಮೇಶ್ವರಕ್ಕೂ ಇದೇ ಮಾತು.

ಇನ್ನು ಅಲೆಯ ವಿಷಯ. ‘ಅಲೆ ಇಲ್ಲದ ಕಡೆ ಅಪಾಯವಿಲ್ಲ’ ಎಂಬ ನಂಬಿಕೆಯಷ್ಟು ಗಟ್ಟಿಯಾಗಿ ಬೇರೂರಿದ ತಪ್ಪು ಕಲ್ಪನೆಯನ್ನು ನಮ್ಮ ತೀರಗಳಲ್ಲಿ ನಾನು ಕಂಡಿಲ್ಲ. ಯಾವುದೇ ಭಾನುವಾರ ಹೋಗಿ ನೋಡಿ. ಎಡಕ್ಕೂ ಬಲಕ್ಕೂ ಬಿಳಿ ನೊರೆಯ ಅಲೆಗಳು ಸಾಲುಗಟ್ಟಿ ಒಡೆಯುತ್ತಿರುತ್ತವೆ. ನಡುವೆ ಒಂದಿಷ್ಟು ಅಗಲ ನೀರು ಮಾತ್ರ ಸದ್ದಿಲ್ಲದೆ, ಸ್ವಲ್ಪ ಕಪ್ಪಾಗಿ, ಕೊಳದಂತೆ ಮಲಗಿರುತ್ತದೆ. ಅಪ್ಪ ಎನಿಸಿಕೊಂಡವರು ಅದನ್ನು ಕಂಡುಹಿಡಿದ ಹೆಮ್ಮೆಯಿಂದ ‘ಇಲ್ಲಿ ಬಾ ಪುಟ್ಟಾ, ಇಲ್ಲಿ ಅಲೆಯೇ ಇಲ್ಲ’ ಎಂದು ಮಗುವಿನ ಕೈ ಹಿಡಿದು ನೇರವಾಗಿ ಅಲ್ಲಿಗೇ ಇಳಿಸುತ್ತಾರೆ. ಜೀವರಕ್ಷಕ ಸೀಟಿ ಊದಿದರೆ ಅವನ ಮೇಲೆ ಸಿಟ್ಟು.

ಅಲ್ಲಿ ಅಲೆ ಏಕಿಲ್ಲ ಎಂದು ಕೇಳಿಕೊಂಡರೆ ಉತ್ತರ ಸರಳವಾಗಿದೆ. ದಡಕ್ಕೆ ಸಮಾನಾಂತರವಾಗಿ ನೀರಿನಡಿಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ಅಲೆ ಆ ದಿಬ್ಬದ ಮೇಲೆ ಬಂದಾಗ ಆಳ ಸಾಲದೆ ಮುರಿದು ಬೀಳುತ್ತದೆ, ಅದರ ನೀರು ದಡದತ್ತ ನುಗ್ಗುತ್ತದೆ. ಹಾಗೆ ಒಂದರ ಹಿಂದೊಂದು ಬಂದು ದಿಬ್ಬಕ್ಕೂ ದಡಕ್ಕೂ ನಡುವೆ ತುಂಬಿಕೊಂಡ ನೀರು ಸಮುದ್ರಕ್ಕೆ ಮರಳಲೇಬೇಕು. ತುಂಬಿದ ಗದ್ದೆಯ ನೀರು ಬದುವಿನ ಗಂಡಿಯನ್ನು ಹುಡುಕಿಕೊಂಡು ಹರಿಯುವಂತೆ, ಅದು ದಿಬ್ಬದಲ್ಲಿ ತಗ್ಗು ಎಲ್ಲಿದೆಯೋ ಅಲ್ಲಿಂದಲೇ ಒತ್ತಿಕೊಂಡು ಹೊರಟುಹೋಗುತ್ತದೆ. ತಗ್ಗಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ನಿಮಗೆ ಶಾಂತವಾಗಿ ಕಂಡ ಆ ಜಾಗ ದಡದ ನೀರೆಲ್ಲ ಹೊರಗೆ ಹರಿಯುವ ದಾರಿ. ಇದೇ ರಿಪ್ ಕರೆಂಟ್.

ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ಮುಟ್ಟುತ್ತದೆ. ಪಳಗಿದ ಈಜುಗಾರರೂ ಅದರ ಎದುರು ಈಜಿ ಗೆಲ್ಲಲಾರರು. ಹಾಗಾಗಿ ‘ನನಗೆ ಈಜು ಬರುತ್ತದೆ’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ‘ಮೊಣಕಾಲುದ್ದ ನೀರಿನಲ್ಲಷ್ಟೇ ನಿಲ್ಲುತ್ತೇವೆ’ ಎನ್ನುವವರು ಯಾರ ಮೊಣಕಾಲು ಎಂಬುದನ್ನು ಹೇಳುವುದಿಲ್ಲ. ದೊಡ್ಡವರ ಮೊಣಕಾಲಿನ ನೀರು ನಾಲ್ಕು ವರ್ಷದ ಮಗುವಿಗೆ ಸೊಂಟಕ್ಕೆ ಬರುತ್ತದೆ, ಮುಂದಿನ ಅಲೆಗೆ ಎದೆ ಮುಟ್ಟುತ್ತದೆ. ‘ಮಳೆಗಾಲದಲ್ಲಿ ಮಾತ್ರ ಅಪಾಯ’ ಎನ್ನುವವರಿಗೆ ನಾನು ನೆನಪಿಸುವುದು ಮುರ್ಡೇಶ್ವರವನ್ನು: ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾದದ್ದು 2024ರ ಡಿಸೆಂಬರ್‌ನಲ್ಲಿ.

ಸಮುದ್ರ ಕಾಲು ಹಿಡಿದು ತಳಕ್ಕೆ ಎಳೆಯುತ್ತದೆ ಎಂಬುದೂ ಸರಿಯಲ್ಲ. ರಿಪ್ ಕರೆಂಟ್ ಮನುಷ್ಯನನ್ನು ಮುಳುಗಿಸುವುದಿಲ್ಲ, ದಡದಿಂದ ದೂರ ಒಯ್ಯುತ್ತದೆ. ಅದರ ವಿರುದ್ಧ ಈಜಿ ಈಜಿ ಸುಸ್ತಾದವರು ಮುಳುಗುತ್ತಾರೆ. ಆದ್ದರಿಂದ ಸಿಕ್ಕಿಕೊಂಡವರು ತೇಲಬೇಕು, ಕೈಯೆತ್ತಿ ಸಹಾಯ ಕೇಳಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಆ ಪಟ್ಟೆಯಿಂದ ಹೊರಬಂದು, ಬಿಳಿ ನೊರೆ ಇರುವ ಕಡೆಯಿಂದ ದಡಕ್ಕೆ ತಿರುಗಬೇಕು. ನೀರಿಗಿಳಿಯುವ ಮುನ್ನ ಹತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ನೋಡಿದರೆ ಆ ಪಟ್ಟೆ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ: ಅಕ್ಕಪಕ್ಕದ ಕಸಕಡ್ಡಿ ದಡಕ್ಕೆ ಬರುತ್ತಿರುವಾಗ ಅಲ್ಲಿನ ನೊರೆ, ಕೆಂಪು ಮರಳು ಕದಡಿದ ನೀರು, ತೆಂಗಿನ ಸಿಪ್ಪೆ ಹೊರಗೆ ಹೋಗುತ್ತಿರುತ್ತವೆ. ಬಂಡೆ, ಅಲೆತಡೆಗೋಡೆಗಳ ಬುಡದಲ್ಲಿ ಇಂಥ ಸೆಳವು ಹೆಚ್ಚು. ಕೆಂಪು ಹಳದಿ ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಇಳಿಯಿರಿ.

ಹಾಗಾದರೆ ಅಲೆ ಕಡಿಮೆ ಇರುವ ಬೀಚ್ ಎಂಬುದೇ ಇಲ್ಲವೇ ಎಂದರೆ, ಇದೆ. ದ್ವೀಪಗಳೂ ಗುಡ್ಡದ ಚಾಚುಗಳೂ ಅಡ್ಡ ನಿಂತ ಕಾರವಾರದ ಕೊಲ್ಲಿಯಲ್ಲಿ, ರವೀಂದ್ರನಾಥ ಟಾಗೋರ್ ಬೀಚ್ ಉದ್ದಕ್ಕೂ ಅಲೆಗಳು ಸಹಜವಾಗಿಯೇ ಸಣ್ಣವು. ಇಡೀ ಕೊಲ್ಲಿ ಶಾಂತವಾಗಿರುವುದು ಬೇರೆ, ಅಬ್ಬರದ ತೀರದಲ್ಲಿ ಒಂದು ತುಂಡು ಮಾತ್ರ ಶಾಂತವಾಗಿರುವುದು ಬೇರೆ. ಇದೊಂದು ವ್ಯತ್ಯಾಸ ತಿಳಿದರೆ ನನ್ನ ಅರ್ಧ ಕೆಲಸ ಮುಗಿಯಿತು. ಆದರೆ ಕಾರವಾರದಲ್ಲೂ ಕಾಳಿ ನದಿಯ ಅಳಿವೆಯ ಕಡೆ ಸರಿಯಬಾರದು. ಅಳಿವೆ ಎಲ್ಲಿಯದಾದರೂ ಮಕ್ಕಳಿಗೆ ಸಲ್ಲದು. ಸಸಿಹಿತ್ಲು, ಕೋಡಿ ಬೆಂಗ್ರೆಗಳ ನದಿ ಸಮುದ್ರ ಸೇರುವ ಚಿತ್ರಗಳು ಎಷ್ಟೇ ಮೋಹಕವಾಗಿದ್ದರೂ, ಇಳಿತದ ಹೊತ್ತಿನಲ್ಲಿ ಅಲ್ಲಿ ನದಿಯ ನೀರೂ ಉಬ್ಬರದ ನೀರೂ ಒಟ್ಟಾಗಿ ಹೊರಗೆ ಧಾವಿಸುತ್ತವೆ.

ಇಳಿತದ ಮಾತು ಬಂದದ್ದರಿಂದ, ಯಾರೂ ಕೇಳದ ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ: ಯಾವ ಬೀಚ್ ಎಂಬುದರ ಜೊತೆಗೆ ಯಾವ ಹೊತ್ತು? ಇದಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರಿನ ತಿಥಿ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು. ಮಂಗಳೂರಿನಲ್ಲಿ ಸುಮಾರು ಒಂದೂವರೆ ಮೀಟರ್, ಕಾರವಾರದಲ್ಲಿ ಎರಡು ಮೀಟರಿನ ಸಮೀಪ. ಆ ದಿನಗಳಲ್ಲಿ ನಮ್ಮಲ್ಲಿ ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ತುದಿಮುಟ್ಟಿ, ಸೂರ್ಯಾಸ್ತದ ಹೊತ್ತಿಗೆ ನೀರು ಕೆಳಗಿಳಿದಿರುತ್ತದೆ. ಹುಣ್ಣಿಮೆಯ ಸಂಜೆ ವಿಶಾಲವಾದ ಮರಳು ತೆರೆದುಕೊಂಡು ‘ನೀರೇ ಇಲ್ಲ, ಒಳಗೆ ಹೋಗಬಹುದು’ ಎನಿಸುವುದು ಇದರಿಂದಲೇ. ರಿಪ್ ಕರೆಂಟ್ ಸಾಮಾನ್ಯವಾಗಿ ಬಲಗೊಳ್ಳುವುದೂ ಇಳಿತದಲ್ಲೇ. ಅಷ್ಟಮಿ ನವಮಿಯ ಹೊತ್ತಿಗೆ ಏರಿಳಿತ ತಗ್ಗಿರುತ್ತದೆ; ಉಬ್ಬರದ ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಸಂಜೆಗೆ ನೀರು ಇಳಿಯುತ್ತಿರುವ ಬದಲು ಏರಿ ನಿಂತಿರುತ್ತದೆ. ದಿನ ಆರಿಸಿಕೊಳ್ಳುವ ಅನುಕೂಲವಿದ್ದರೆ ಅಂಥ ವಾರವನ್ನೇ ಆರಿಸಿಕೊಳ್ಳಿ.

ಗಾಳಿ ತುಂಬುವ ಟ್ಯೂಬನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಚಳಿಗಾಲದ ಮುಂಜಾನೆ ನೆಲದ ಕಡೆಯಿಂದ ಸಮುದ್ರದತ್ತ ಗಾಳಿ ಬೀಸುತ್ತದೆ, ಮತ್ತು ಟ್ಯೂಬಿನಲ್ಲಿ ಕುಳಿತ ಮಗು ದೂರ ಸರಿಯುವಾಗ ಅಳುವುದಿಲ್ಲ, ನಗುತ್ತಲೇ ಇರುತ್ತದೆ.